ಯಂತ್ರವನ್ನು ಪರಿಚಯ ಕೇಳುವ ಬಗೆ

ಮೆಟ್ರಿಕ್ ಪದ್ಧತಿ ಬರುವ ಮೊದಲು ನಮ್ಮ ಹಿರಿಯರು ಅಕ್ಕಿಯನ್ನು ಸೇರಿನಲ್ಲಿ ಅಳೆಯುತ್ತಿದ್ದರು. ಹೆಸರೇನೋ ಒಂದೇ, ಆದರೆ ಒಂದು ಊರಿನ ಸೇರು ಇನ್ನೊಂದು ಊರಿನ ಸೇರಿಗೆ ಸರಿಹೋಗುತ್ತಿರಲಿಲ್ಲ. ಕಂಪ್ಯೂಟರುಗಳಲ್ಲಿಯೂ ಇಂಥದೊಂದು ತೊಡಕಿದೆ.

ಕೇರಳದ ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿ ಲಿನಕ್ಸ್ ಇದೆಯಷ್ಟೆ. ಅದರಲ್ಲಿ ಟರ್ಮಿನಲ್ ತೆರೆದು ‘ಯುನೇಮ್’ ಎಂಬ ಆದೇಶ ಕೊಟ್ಟರೆ ಯಂತ್ರವು ತನ್ನ ಪರಿಚಯ ಹೇಳುತ್ತದೆ. (ಯು, ಎನ್, ಎ, ಎಂ, ಇ ಎಂದು ಸಣ್ಣಕ್ಷರಗಳಲ್ಲೇ ಬರೆಯಬೇಕು, ದೊಡ್ಡಕ್ಷರ ಬರೆದರೆ ಅದಕ್ಕೆ ತಿಳಿಯದು.) ಆದೇಶದ ನಂತರ ಜಾಗ ಬಿಟ್ಟು, ಒಂದು ಅಡ್ಡಗೆರೆಯನ್ನೂ ಒಂದು ಇಂಗ್ಲಿಷ್ ಅಕ್ಷರವನ್ನೂ ಸೇರಿಸಿದರೆ ಬೇಕಾದ ವಿಷಯವನ್ನಷ್ಟೇ ಹೇಳುತ್ತದೆ. ‘ಎಂ’ ಎಂದರೆ ಯಂತ್ರದ ಬಗೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ಮುಂದೆ ಹಲವು ಕವಲುಗಳಾಗಿ ಬೆಳೆಯಿತು. ಒಂದೊಂದು ಕವಲಿನವರು ತಮಗೆ ಬೇಕಾದ ಅಕ್ಷರಗಳನ್ನು ಸೇರಿಸುತ್ತಾ ಹೋದರು. ‘ಪಾಸಿಕ್ಸ್’ ಎಂಬ ಮಾನಕವು ಎಲ್ಲರಿಗೂ ಸಮಾನವಾಗಿ ಎ, ಎಂ, ಎನ್, ಆರ್, ಎಸ್, ವಿ ಎಂಬ ಆರನ್ನು ಮಾತ್ರ ಗೊತ್ತುಮಾಡಿದೆ. ‘ಪಿ’ ಮತ್ತು ‘ಐ’ ಅದರಲ್ಲಿಲ್ಲ.

ತೊಂದರೆ ಇರುವುದು ಈ ಎರಡರಲ್ಲಿಯೇ. ‘ಪಿ’ ಎಂದು ಪ್ರೊಸೆಸರಿನ ಬಗೆ ಕೇಳಿದರೆ ಸೊಲಾರಿಸ್ ‘ಸ್ಪಾರ್ಕ್’ ಎಂದೋ ‘ಐ386’ ಎಂದೋ ಹೇಳುತ್ತದೆ. ಡೆಬಿಯನ್ ಲಿನಕ್ಸ್ ‘ಅನ್‌ನೋನ್’, ಅಂದರೆ ಗೊತ್ತಿಲ್ಲ, ಎನ್ನುತ್ತದೆ! ‘ಐ’ ಇನ್ನೂ ಅಪಾಯದ್ದು. ಲಿನಕ್ಸ್‌ನಲ್ಲಿ ಅದು ಯಂತ್ರಾಂಗದ ವೇದಿಕೆಯನ್ನು ಕೇಳುವ ಪ್ರಶ್ನೆ. ಫ್ರೀಬಿಎಸ್‌ಡಿಯಲ್ಲಿ ಅದೇ ಅಕ್ಷರಕ್ಕೆ ಸಿಗುವ ಉತ್ತರ ಕರ್ನೆಲಿನ ಹೆಸರು, ಸಾಮಾನ್ಯವಾಗಿ ‘ಜೆನೆರಿಕ್’.

ನಾವು ಓದುವಾಗ ತಪ್ಪು ತಿಳಿಯುತ್ತದೆ, ನಕ್ಕು ಸುಮ್ಮನಾಗುತ್ತೇವೆ. ಆದರೆ ಈ ಉತ್ತರವನ್ನು ಹೆಚ್ಚಾಗಿ ಓದುವುದು ಮನುಷ್ಯರಲ್ಲ, ಸ್ಕ್ರಿಪ್ಟ್ ಎಂಬ ಆದೇಶಗಳ ಸರಮಾಲೆ. ಯಾವ ಯಂತ್ರಕ್ಕೆ ಯಾವ ತಂತ್ರಾಂಶ ಹಾಕಬೇಕೆಂದು ಅದು ಈ ಉತ್ತರ ನೋಡಿಯೇ ತೀರ್ಮಾನಿಸುತ್ತದೆ. ‘ಗೊತ್ತಿಲ್ಲ’ ಎಂದು ಬಂದರೆ ಅರ್ಧದಲ್ಲಿ ನಿಂತೀತು. ಅದಾದರೂ ವಾಸಿ. ತಪ್ಪು ಉತ್ತರವನ್ನು ನಂಬಿದರೆ ಆ ಯಂತ್ರದಲ್ಲಿ ಓಡಲಾರದ ತಂತ್ರಾಂಶವನ್ನೇ ತಂದು ಹಾಕೀತು. ಬರೆದವನ ಯಂತ್ರದಲ್ಲಿ ಎಲ್ಲವೂ ಸರಿಯಾಗಿರುವುದರಿಂದ ದೋಷ ಎಲ್ಲಿದೆಯೆಂದು ಅವನಿಗೆ ಹೊಳೆಯುವುದೂ ಇಲ್ಲ.

ಆದುದರಿಂದ ‘ಎಂ’ ಕೇಳುವುದೇ ಕ್ಷೇಮ. ಆದರೂ ಮಾನಕವು ಪ್ರಶ್ನೆಯನ್ನು ಗೊತ್ತುಮಾಡಿದೆಯೇ ಹೊರತು ಉತ್ತರದ ಪದವನ್ನಲ್ಲ. ಒಂದೇ ಬಗೆಯ 64 ಬಿಟ್ ಪ್ರೊಸೆಸರನ್ನು ಲಿನಕ್ಸ್ ‘ಎಕ್ಸ್86_64’ ಎಂದರೆ ಫ್ರೀಬಿಎಸ್‌ಡಿ ‘ಎಎಂಡಿ64’ ಎನ್ನುತ್ತದೆ. ಲಿನಕ್ಸ್ ‘ಎಆರ್ಚ್64’ ಎನ್ನುವುದನ್ನು ಆಪಲ್‌ನ ಮ್ಯಾಕ್ ‘ಆರ್ಮ್64’ ಎನ್ನುತ್ತದೆ. ಅನುಭವಸ್ಥರು ಎರಡು ಹೆಸರುಗಳನ್ನೂ ಒಂದೆಂದೇ ಎಣಿಸುವಂತೆ ತಮ್ಮ ಸ್ಕ್ರಿಪ್ಟಿನಲ್ಲಿ ಮೊದಲೇ ಬರೆದಿಡುತ್ತಾರೆ.