ಸವಕಳಿ ಇಲ್ಲದ ಪ್ಲಾಂಟ್: ಜಮೀನಿನ ದಾಖಲೆಗೆ ಬೆಲೆ ಕಟ್ಟೋದು ಹೇಗೆ?

ಶಿವಮೊಗ್ಗ-ಭದ್ರಾವತಿ ಕಡೆ 'ಪ್ಲಾಂಟ್' ಅಂದ್ರೆ ವಿಐಎಸ್‌ಎಲ್ಲೋ, ಮಾಚೇನಹಳ್ಳಿಯ ಯಾವುದೋ ಫ್ಯಾಕ್ಟರಿಯೋ ನೆನಪಾಗುತ್ತೆ. ಅಮೆರಿಕದ ಟೈಟಲ್ ಇನ್ಶೂರೆನ್ಸ್ ಕಂಪನಿಗಳಲ್ಲೂ ಪ್ಲಾಂಟ್ ಇದೆ, ಆದ್ರೆ ಅಲ್ಲಿ ಮಷೀನ್ ಇಲ್ಲ. ಒಂದೊಂದು ಜಾಗಕ್ಕೂ ಯಾರು ಯಾರಿಗೆ ಮಾರಿದ್ರು, ಎಲ್ಲಿ ಅಡಮಾನ ಇಟ್ಟಿದ್ರು ಅಂತ ಜೋಡಿಸಿಟ್ಟ ದಾಖಲೆ ಭಂಡಾರಕ್ಕೇ 'ಟೈಟಲ್ ಪ್ಲಾಂಟ್' ಅಂತ ಹೆಸರು.

ನಾನು ಬಿ.ಕಾಂ ಓದಿದವನು, ಹಾಗಾಗಿ ನನಗೆ ಮಜಾ ಅನ್ಸಿದ್ದು ಇದರ ಲೆಕ್ಕ. 1982ರಲ್ಲಿ ಅಮೆರಿಕದ ಅಕೌಂಟಿಂಗ್ ಮಂಡಳಿ ಇದಕ್ಕೇ ಒಂದು ನಿಯಮ ಮಾಡ್ತು. ಭಂಡಾರ ಹುಡುಕಾಟಕ್ಕೆ ಸಿದ್ಧ ಆಗೋವರೆಗಿನ ಖರ್ಚು ಆಸ್ತಿ. ಆಮೇಲೆ ದಿನಾ ಹೊಸ ದಾಖಲೆ ಸೇರಿಸೋದು, ಹುಡುಕೋದು ಎಲ್ಲಾ ಆ ವರ್ಷದ ಖರ್ಚು. ಸವಕಳಿ ಮಾತ್ರ ಇಲ್ಲ! ಲೇತ್ ಮಷೀನ್ ಸವೆಯುತ್ತೆ. ಅಪ್‌ಡೇಟ್ ಮಾಡ್ತಾ ಇದ್ರೆ ದಾಖಲೆ ಸವೆಯಲ್ಲ. ಕಾನೂನು ಬದಲಾಗಿಯೋ, ಅಪ್‌ಡೇಟ್ ನಿಂತೋ ಅದು ಕೆಲಸಕ್ಕೆ ಬಾರದಂತಾದ್ರೆ ಆಗ ಮೌಲ್ಯ ಇಳಿಸಬೇಕು.

ಇದರ ಬೆಲೆ ಶಿಕಾಗೋಗೆ 1871ರಲ್ಲೇ ಗೊತ್ತಾಗಿತ್ತು. ಆ ವರ್ಷದ ಬೆಂಕಿಯಲ್ಲಿ ಸರ್ಕಾರಿ ದಾಖಲೆ ಸುಟ್ಟುಹೋಯ್ತು. ಖಾಸಗಿ ಸಂಸ್ಥೆಗಳು ಉಳಿಸಿಕೊಂಡ ಪುಸ್ತಕಗಳೇ ಜನರ ಆಸ್ತಿಗೆ ಆಧಾರವಾದವು.

ಈಗ ನಮ್ಮೂರಿಗೆ ಬನ್ನಿ. ಮಾಚೇನಹಳ್ಳಿಯ ಕೆಐಎಡಿಬಿ ಕೈಗಾರಿಕಾ ಪ್ರದೇಶದ ಆಸುಪಾಸಲ್ಲಿ ನೀವು ಸೈಟ್ ನೋಡ್ತೀರಿ ಅಂದ್ಕೊಳ್ಳಿ. ಇಸಿ ಸಬ್‌ರಿಜಿಸ್ಟ್ರಾರ್ ಹತ್ರ, ಪಹಣಿ ಭೂಮಿ ತಂತ್ರಾಂಶದಲ್ಲಿ, ನಕ್ಷೆ ಸರ್ವೆ ಇಲಾಖೆಯಲ್ಲಿ, ಭೂಸ್ವಾಧೀನದ ಅಧಿಸೂಚನೆ ಗೆಜೆಟ್‌ನಲ್ಲಿ, ದಾವೆ ಕೋರ್ಟ್‌ನಲ್ಲಿ. ಕಾವೇರಿಯಲ್ಲಿ ಆನ್‌ಲೈನ್ ಇಸಿ ಸಿಗೋದು 2004ರ ಏಪ್ರಿಲ್‌ನಿಂದ ಈಚೆಗಿನದ್ದು. ಅದಕ್ಕೂ ಹಿಂದಿನದಕ್ಕೆ ಕಚೇರಿಗೇ ಅಲೀಬೇಕು. ಇಸಿ 'ನಿಲ್' ಬಂತು ಅಂತ ಖುಷಿಪಡಬೇಡಿ. ನೋಂದಣಿ ಆಗದ ವಿಲ್ಲು, ಬಾಯಿಮಾತಿನ ಪಾಲು ಅದರಲ್ಲಿ ಕಾಣಲ್ಲ.

ಹಾಗಾಗಿ ವಕೀಲರ ಲೀಗಲ್ ಒಪೀನಿಯನ್. ಅದೇ ಸರ್ವೆ ನಂಬರ್‌ನಲ್ಲಿ ಹತ್ತು ಸೈಟ್ ಇದ್ರೆ ಹತ್ತು ಜನ ಹತ್ತು ಸಲ ಅದೇ ಹುಡುಕಾಟಕ್ಕೆ ಫೀಸ್ ಕೊಡ್ತಾರೆ. ಅಲ್ಲಿ ಒಂದ್ಸಲ ಮಾಡಿದ ಹುಡುಕಾಟ ಆಸ್ತಿಯಾಗಿ ಉಳಿಯುತ್ತೆ. ಇಲ್ಲಿ ಅದು ಬರೀ ಖರ್ಚು, ಫೈಲ್ ಬೀರು ಸೇರುತ್ತೆ.

2016ರ ರೇರಾ ಕಾಯ್ದೆಯ 16ನೇ ಸೆಕ್ಷನ್ ಬಿಲ್ಡರ್ ಟೈಟಲ್ ಇನ್ಶೂರೆನ್ಸ್ ಮಾಡಿಸಬೇಕು ಅನ್ನುತ್ತೆ, ಆದ್ರೆ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದ್ರೆ ಮಾತ್ರ. ಹೊರಡಿಸಿದ್ರೂ, ಇನ್ಶೂರೆನ್ಸ್ ಕಂಪನಿ ರಿಸ್ಕ್ ಅಳೆಯೋಕೆ ಇದೇ ಐದು ಬಾಗಿಲು ತಟ್ಟಬೇಕು. ಆ ಅಲೆದಾಟದ ಖರ್ಚು ಪ್ರೀಮಿಯಂ ಮೂಲಕ ಬರೋದು ಸೈಟ್ ತಗೊಳ್ಳೋ ನಿಮ್ಮ ಮೇಲೇ.