ಮನೆಯೊಳಗಣ ಗಣಕ ಭಂಡಾರ

ಹಿಂದಿನ ಕಾಲದಲ್ಲಿ ನಮ್ಮ ಮನೆಗಳ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇರುತ್ತಿದ್ದಿತು. ಹೊಲದ ಖರೀದಿಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು, ಬೀಗರು ಬರೆದ ಇನ್‌ಲ್ಯಾಂಡ್ ಪತ್ರಗಳು, ಮದುವೆಯ ಮರುದಿನ ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಂಡ ಭಾವಚಿತ್ರ, ಇವೆಲ್ಲವೂ ಅದರಲ್ಲಿ ಇರುತ್ತಿದ್ದವು. ಬೀಗದ ಕೈ ಮನೆಯ ಹಿರಿಯರ ಬಳಿಯಲ್ಲಿರುತ್ತಿತ್ತು. ಇಂದು ಆ ಟ್ರಂಕಿನ ಜಾಗವನ್ನು ಮೊಬೈಲ್ ಫೋನು ಹಿಡಿದಿದೆ. ಫೋನು ತುಂಬಿದ ಬಳಿಕ ಅದರೊಳಗಿನ ಚಿತ್ರಗಳು ಎಲ್ಲಿಗೆ ಹೋಗುತ್ತವೆ, ಬೀಗದ ಕೈ ಯಾರಲ್ಲಿದೆ ಎಂಬ ಪ್ರಶ್ನೆಯನ್ನು ಮಾತ್ರ ನಮ್ಮಲ್ಲಿ ಬಹುಮಂದಿ ಕೇಳಿಕೊಂಡಿರಲಿಕ್ಕಿಲ್ಲ.

ಈ ಪ್ರಶ್ನೆಯನ್ನು ಕೇಳಿಕೊಂಡ ಕೆಲವರು ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ 'ಸರ್ವರ್' ಇಟ್ಟುಕೊಳ್ಳುವ ಹವ್ಯಾಸವನ್ನು ಬೆಳೆಸಿಕೊಂಡಿದ್ದಾರೆ. ನಾವೂ ಅಂಥವರಲ್ಲಿ ಒಬ್ಬರು. ಈ ಹವ್ಯಾಸದಿಂದ ನಮಗೆ ದೊರೆತ ಸಂತೋಷವನ್ನೂ, ಅದರಲ್ಲಿ ನಾವು ಮಾಡಿದ ಒಂದು ದೊಡ್ಡ ತಪ್ಪನ್ನೂ ಓದುಗರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಸರ್ವರ್ ಎಂದೊಡನೆ ಗಾಜಿನ ಕಟ್ಟಡಗಳಲ್ಲಿ ಸಾಲಾಗಿ ನಿಲ್ಲಿಸಿದ ಯಂತ್ರಗಳೇ ಕಣ್ಣ ಮುಂದೆ ಬರುವುದು ಸಹಜ. ವಾಸ್ತವದಲ್ಲಿ ಕೇಳಿದವರಿಗೆ ಕೇಳಿದ ಕಡತವನ್ನು ಒದಗಿಸುವ ಯಾವ ಗಣಕಯಂತ್ರವಾದರೂ ಸರ್ವರ್‌ ಆಗಬಲ್ಲದು. ಟಿಮ್ ಬರ್ನರ್ಸ್ ಲೀ ಅವರು 1990ರಲ್ಲಿ ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಪ್ರಪಂಚದ ಮೊದಲ ವೆಬ್ ಸರ್ವರನ್ನು ನಡೆಸಿದ್ದು ತಮ್ಮ ಮೇಜಿನ ಮೇಲಿನ ಒಂದು ಯಂತ್ರದಿಂದಲೇ. ಇದು ಸರ್ವರ್, ಯಾರೂ ಆರಿಸಬಾರದು ಎಂಬ ಅರ್ಥದ ಚೀಟಿಯನ್ನು ಕೆಂಪು ಶಾಯಿಯಲ್ಲಿ ಬರೆದು ಅದಕ್ಕೆ ಅಂಟಿಸಿದ್ದರು. ಮನೆಯಲ್ಲಿ ಸರ್ವರ್ ಇಟ್ಟವರೆಲ್ಲರೂ ಇಂದಿಗೂ ಇಂಥದೊಂದು ಚೀಟಿಯನ್ನು ಅಂಟಿಸಬೇಕಾಗುತ್ತದೆ, ಏಕೆಂದರೆ ಕಸ ಗುಡಿಸಲು ಬಂದವರು ಮೊದಲು ತೆಗೆಯುವುದು ಅದರ ಪ್ಲಗ್ಗನ್ನೇ.

ನಾವು ಧಾರವಾಡದ ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕಿದ್ದು 2018ರಲ್ಲಿ. ಹೊಸ ಯಂತ್ರವನ್ನೇನೂ ಕೊಳ್ಳಲಿಲ್ಲ. ಮಗ ಓದು ಮುಗಿಸಿ ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪ್ ಒಂದಿತ್ತು. ಬ್ರಿಟನ್ನಿನಲ್ಲಿ 2012ರಲ್ಲಿ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವನ್ನು ಈ ಹವ್ಯಾಸದವರು ಬಹಳವಾಗಿ ಮೆಚ್ಚುತ್ತಾರೆ. ಆದರೆ ದಿನಕ್ಕೆ ಹಲವು ಬಾರಿ ವಿದ್ಯುತ್ ಹೋಗಿ ಬರುವ ಊರುಗಳಲ್ಲಿ ಹಳೆಯ ಲ್ಯಾಪ್‌ಟಾಪೇ ಲೇಸೆಂಬುದು ನಮ್ಮ ಅಭಿಪ್ರಾಯ. ಅದರೊಳಗೇ ಬ್ಯಾಟರಿ ಇರುವುದರಿಂದ ವಿದ್ಯುತ್ ಹೋದರೂ ಯಂತ್ರ ಆರುವುದಿಲ್ಲ. ಬ್ಯಾಟರಿ ಉಬ್ಬಿದೆಯೇ ಎಂಬುದನ್ನು ಮಾತ್ರ ಆಗಾಗ ನೋಡುತ್ತಿರಬೇಕು. ಉಬ್ಬಿದ ಬ್ಯಾಟರಿಯನ್ನು ಒಂದು ದಿನವೂ ಮನೆಯಲ್ಲಿ ಇಡತಕ್ಕದ್ದಲ್ಲ. ವಿದ್ಯುತ್ ಖರ್ಚಿನ ಮಾತೆಂದರೆ, 15 ವ್ಯಾಟ್ ಹೀರುವ ಯಂತ್ರವು ಹಗಲಿರುಳು ನಡೆದರೂ ವರ್ಷಕ್ಕೆ ಸುಮಾರು 131 ಯೂನಿಟ್ ಮಾತ್ರ ಆಗುತ್ತದೆ.

ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ ಎಂಬುದು ಈ ಹವ್ಯಾಸದ ದೊಡ್ಡ ಸೌಲಭ್ಯ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸ್, ಅದರ ಮೇಲೆ 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್, ಇವುಗಳನ್ನು ಯಾರು ಬೇಕಾದರೂ ಉಚಿತವಾಗಿ ಪಡೆದು ಬಳಸಬಹುದು. ಅದರ ಮೇಲೆ ನಾವು ನೆಕ್ಸ್ಟ್‌ಕ್ಲೌಡ್ ಎಂಬ ತಂತ್ರಾಂಶವನ್ನು ಹಾಕಿಕೊಂಡೆವು. 2016ರಲ್ಲಿ ಜರ್ಮನಿಯ ಫ್ರಾಂಕ್ ಕಾರ್ಲಿಚೆಕ್ ಮತ್ತು ಸಂಗಡಿಗರು ಆರಂಭಿಸಿದ ಈ ತಂತ್ರಾಂಶವು ಮನೆಮಂದಿಯ ಫೋನುಗಳಲ್ಲಿನ ಚಿತ್ರಗಳನ್ನು ತಾನಾಗಿಯೇ ಮನೆಯ ಯಂತ್ರಕ್ಕೆ ತಂದು ಸೇರಿಸುತ್ತದೆ. ಮೊದಲ ಸಂಜೆ ಅಡುಗೆಮನೆಯಲ್ಲಿ ತೆಗೆದ ಒಂದು ಚಿತ್ರವು ಪಡಸಾಲೆಯ ಮೂಲೆಯ ಯಂತ್ರದಲ್ಲಿ ಕಾಣಿಸಿಕೊಂಡಾಗ ನಮಗಾದ ಹಿಗ್ಗನ್ನು ಏನೆಂದು ಹೇಳೋಣ! ನಮ್ಮ ಮನೆಯವರು ಮಾತ್ರ "ಹತ್ತು ಹೆಜ್ಜಿ ನಡದು ಬಂದು ಫೋನ್ ತೋರಿಸಿದ್ರ ಆಗ್ತಿರಲಿಲ್ಲೇನ್ರಿ?" ಎಂದು ಕೇಳಿದರು. ಆ ದಿನ ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರ ದೊರೆತದ್ದು 2021ರಲ್ಲಿ. ಅದುವರೆಗೆ ಚಿತ್ರಗಳನ್ನು ಎಷ್ಟಾದರೂ ಉಚಿತವಾಗಿ ಇರಿಸಿಕೊಳ್ಳುತ್ತಿದ್ದ ಗೂಗಲ್ ಫೋಟೋಸ್, ಆ ವರ್ಷದ ಜೂನ್ 1ರಿಂದ ಹೊಸ ಚಿತ್ರಗಳನ್ನು 15 ಜಿಬಿಯ ಉಚಿತ ಮಿತಿಯೊಳಗೆ ಲೆಕ್ಕ ಹಿಡಿಯತೊಡಗಿತು. ಮಿತಿ ಮೀರಿದರೆ ಬಾಡಿಗೆ. ಇದರಲ್ಲಿ ಮೋಸವೇನೂ ಇಲ್ಲ. ಪರರ ಉಗ್ರಾಣದಲ್ಲಿ ಚೀಲ ಇಟ್ಟವರು ಬಾಡಿಗೆ ಕೊಡಬೇಕಾದದ್ದು ನ್ಯಾಯವೇ. ಆದರೆ ಆ ತಿಂಗಳಲ್ಲಿ ನಮ್ಮ ಬಂಧುಗಳಲ್ಲಿ ಅನೇಕರು "ನಿಮ್ಮ ಮನೆಯ ಯಂತ್ರದಲ್ಲಿ ನಮಗೂ ಒಂದಿಷ್ಟು ಜಾಗ ಕೊಡಿ" ಎಂದು ಕೇಳಿದರು. ಏಳೆಂಟು ಮನೆಗಳ ಚಿತ್ರಗಳು ನಮ್ಮ ಪಡಸಾಲೆಗೆ ಬಂದು ಸೇರಿದವು. ನಾವು ಹೆಮ್ಮೆಪಟ್ಟೆವು. ಹವ್ಯಾಸವು ಹೊಣೆಯಾಗಿ ಮಾರ್ಪಟ್ಟ ಗಳಿಗೆ ಅದೇ ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ನಮ್ಮ ತಾಯಿಯವರು ತೀರಿಕೊಂಡರು. ದುಃಖ ತುಸು ತಿಳಿಯಾದ ಮೇಲೆ, 2022ರ ಫೆಬ್ರುವರಿಯಲ್ಲಿ, ಅವರ ಚಿತ್ರ, ಚಲನಚಿತ್ರ, ಧ್ವನಿ ಯಾರ ಫೋನಿನಲ್ಲಿ ಏನಿದ್ದರೂ ನಮಗೆ ಕಳುಹಿಸಬೇಕೆಂದು ಬಂಧುಗಳಿಗೆಲ್ಲ ತಿಳಿಸಿದೆವು. ಬಹಳ ಬಂದಿತು. ಅವ್ವ ಶೇಂಗಾ ಹೋಳಿಗೆ ತಟ್ಟುತ್ತ ಮಾತಾಡುವ ಎರಡು ನಿಮಿಷದ ದೃಶ್ಯ, ಮೊಮ್ಮಗುವನ್ನು ತೂಗುತ್ತ ಹಾಡಿದ ಜೋಗುಳ, ನಾವು ಎಂದೂ ನೋಡಿರದ ಎಷ್ಟೋ ಚಿತ್ರಗಳು. ಎಲ್ಲವನ್ನೂ ಯಂತ್ರದಲ್ಲಿ ಸೇರಿಸಿ, ಫೋನಿನಲ್ಲಿ ಜಾಗವಿಲ್ಲವೆಂದು ಹೇಳಿದವರಿಗೆ "ಇನ್ನು ಅಳಿಸಿರಿ, ನಮ್ಮಲ್ಲಿ ಭದ್ರವಾಗಿದೆ" ಎಂದು ನಾವೇ ಹೇಳಿದೆವು.

ಹಾಗೆ ಹೇಳಲು ನಮಗೆ ಧೈರ್ಯವಿದ್ದುದಕ್ಕೆ ಕಾರಣವೂ ಇತ್ತು. ಯಂತ್ರದೊಳಗಿನ ಡಿಸ್ಕಿನ ಹೊರತಾಗಿ ಪಕ್ಕದಲ್ಲಿ ಇನ್ನೊಂದು ಡಿಸ್ಕನ್ನು ತಂತಿಯಿಂದ ಜೋಡಿಸಿದ್ದೆವು. ಪ್ರತಿ ರಾತ್ರಿ ಎರಡು ಗಂಟೆಗೆ ಎಲ್ಲ ಕಡತಗಳ ಪ್ರತಿಯು ಅದರಲ್ಲಿ ಆಗಬೇಕು; ಬೆಳಿಗ್ಗೆ 'ಪ್ರತಿ ಆಯಿತು' ಎಂಬ ಸಂದೇಶವು ನಮ್ಮ ಫೋನಿಗೆ ಬರಬೇಕು. ಸಂದೇಶವು ಒಂದು ದಿನವೂ ತಪ್ಪದೆ ಬರುತ್ತಿದ್ದಿತು.

ಆಗಸ್ಟ್ ತಿಂಗಳಲ್ಲಿ ಯಂತ್ರದೊಳಗಿನ ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತುಹೋಯಿತು. ನಾವು ಗಾಬರಿಯಾಗಲಿಲ್ಲ. ಹೊಸ ಡಿಸ್ಕು ತಂದು, ಪಕ್ಕದ ಡಿಸ್ಕನ್ನು ತೆರೆದು ನೋಡಿದೆವು. ಅದರಲ್ಲಿದ್ದ ಕೊನೆಯ ಚಿತ್ರ ಜನವರಿ ತಿಂಗಳದ್ದು.

ಆದದ್ದು ಇಷ್ಟು. ಲಿನಕ್ಸಿನಲ್ಲಿ ಹೊರಗಿನ ಡಿಸ್ಕನ್ನು ಒಂದು ಫೋಲ್ಡರಿನ ಹೆಸರಿಗೆ ಕೂಡಿಸಿರುತ್ತಾರೆ. ಡಿಸ್ಕು ಕೂಡಿಕೊಂಡಿದ್ದಾಗ ಆ ಫೋಲ್ಡರಿನಲ್ಲಿ ಹಾಕಿದ್ದೆಲ್ಲ ಡಿಸ್ಕಿಗೆ ಹೋಗುತ್ತದೆ. ಡಿಸ್ಕು ಬಿಟ್ಟುಹೋದರೂ ಫೋಲ್ಡರು ಹಾಗೆಯೇ ಉಳಿಯುತ್ತದೆ. ಆಗ ಅದರಲ್ಲಿ ಹಾಕಿದ್ದೆಲ್ಲ ಯಂತ್ರದೊಳಗಿನ ಡಿಸ್ಕಿನಲ್ಲಿಯೇ ಬಂದು ಕೂಡುತ್ತದೆ. ಜನವರಿಯಲ್ಲಿ ಒಂದು ದಿನ ದೀರ್ಘಕಾಲ ವಿದ್ಯುತ್ ಹೋಗಿ ಯಂತ್ರವು ಮತ್ತೆ ಆರಂಭವಾದಾಗ ಹೊರಗಿನ ಡಿಸ್ಕು ಕೂಡಿಕೊಂಡಿರಲಿಲ್ಲ. ಅಂದಿನಿಂದ ಏಳು ತಿಂಗಳು ಯಂತ್ರವು ಪ್ರತಿ ರಾತ್ರಿ ತನ್ನ ಕಡತಗಳ ಪ್ರತಿಯನ್ನು ತನ್ನೊಳಗೇ ಮಾಡಿಕೊಂಡು, ಪ್ರತಿ ಬೆಳಿಗ್ಗೆ ನಮಗೆ ಪ್ರಾಮಾಣಿಕವಾಗಿ ವರದಿ ಒಪ್ಪಿಸುತ್ತಿತ್ತು. ಅದು ಸುಳ್ಳು ಹೇಳಲಿಲ್ಲ. ಪ್ರತಿ ಆಗಿದ್ದು ನಿಜವೇ. ಎಲ್ಲಿ ಆಯಿತೆಂದು ನಾವು ಕೇಳಿರಲಿಲ್ಲ. ಒಳಗಿನ ಡಿಸ್ಕು ಒಂದೇ ರಾತ್ರಿಯಲ್ಲಿ ಇಮ್ಮಡಿ ತುಂಬಿದ್ದನ್ನು ಜನವರಿಯಲ್ಲಿಯೇ ಕಂಡಿದ್ದೆವು. ಬಂಧುಗಳ ಚಿತ್ರಗಳು ಹೆಚ್ಚಾಗಿರಬೇಕೆಂದುಕೊಂಡು ಸುಮ್ಮನಾಗಿದ್ದೆವು.

ಫೆಬ್ರುವರಿಯಲ್ಲಿ ಒಟ್ಟುಗೂಡಿಸಿದ ಅವ್ವನ ನೆನಪುಗಳೆಲ್ಲವೂ ಆ ಏಳು ತಿಂಗಳ ಒಳಗೇ ಬಂದಂಥವು. ಕೆಟ್ಟ ಡಿಸ್ಕನ್ನು ಬೆಂಗಳೂರಿನ ಒಂದು ಅಂಗಡಿಗೆ ಕಳುಹಿಸಿದೆವು. ಒಳಗಿನ ತಟ್ಟೆಗೆ ಗೀರು ಬಿದ್ದಿದೆ, ಏನೂ ತೆಗೆಯಲಾಗದು ಎಂದು ಮೂರು ವಾರಗಳ ನಂತರ ಹೇಳಿದರು. ಬಂಧುಗಳಿಗೆ ಒಬ್ಬೊಬ್ಬರಿಗಾಗಿ ಫೋನು ಮಾಡಿ ಸಂಗತಿಯನ್ನು ತಿಳಿಸುವುದು ನಮ್ಮ ಪಾಲಿನ ಕೆಲಸವಾಯಿತು. ಅಂಥ ಕೆಲಸವನ್ನು ನಾವು ಮತ್ತೊಮ್ಮೆ ಮಾಡಲು ಸಿದ್ಧರಿಲ್ಲ. ನಮ್ಮ ಚಿಕ್ಕಪ್ಪನವರು ಸಿಟ್ಟಾಗಲಿಲ್ಲ. "ಇರಲಿ ಬಿಡಪಾ" ಎಂದು ಫೋನು ಇಟ್ಟರು. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

ದಾವಣಗೆರೆಯಲ್ಲಿರುವ ತಂಗಿಯ ಮಗಳು ಮಾತ್ರ "ಮಾಮಾ, ನೀವು ಅಳಿಸು ಅಂದಿದ್ರಿ. ಅಜ್ಜಿ ಧ್ವನಿ ಅಳಿಸೋಕೆ ಮನಸ್ಸು ಬರ್ಲಿಲ್ಲ" ಎಂದಳು. ಜೋಗುಳವು ಅವಳ ಫೋನಿನಲ್ಲಿ ಇದ್ದಿತು. ಕೆಲವು ಚಿತ್ರಗಳು ವಾಟ್ಸಾಪ್ ಗುಂಪುಗಳಲ್ಲಿ ಗಾತ್ರ ಕುಗ್ಗಿದ ರೂಪದಲ್ಲಿ ಸಿಕ್ಕವು. ಹೋಳಿಗೆ ತಟ್ಟುವ ದೃಶ್ಯ ಸಿಗಲಿಲ್ಲ. ನಮ್ಮ ಮಾತನ್ನು ಕೇಳದವಳಿಂದ ಉಳಿಯಿತು, ಕೇಳಿದವರಿಂದ ಹೋಯಿತು.

ಹಾಗಾದರೆ ಇಂಥ ಗೋಜು ಏಕೆ, ದೊಡ್ಡ ಸಂಸ್ಥೆಗಳ ವಶಕ್ಕೆ ಕೊಟ್ಟುಬಿಡಬಾರದೇ ಎಂದು ಓದುಗರು ಕೇಳಬಹುದು. ನಾವೂ ಹಾಗೆ ಯೋಚಿಸಿದೆವು. ಆದರೆ 'ಕ್ಲೌಡ್' ಎಂದು ಕರೆದ ಮಾತ್ರಕ್ಕೆ ಅದು ಆಕಾಶದಲ್ಲಿರುವುದಿಲ್ಲ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಒವಿಎಚ್ ಎಂಬ ದೊಡ್ಡ ಸಂಸ್ಥೆಯ ಸರ್ವರ್ ಕಟ್ಟಡವೊಂದು 2021ರ ಮಾರ್ಚ್ 10ರಂದು ಬೆಂಕಿಗೆ ಆಹುತಿಯಾಯಿತು. ಜೀವಹಾನಿಯಾಗಲಿಲ್ಲ. ಆದರೆ ಬೇರೆಡೆ ಪ್ರತಿ ಇಡದ ಗ್ರಾಹಕರ ಕಡತಗಳು ಶಾಶ್ವತವಾಗಿ ಹೋದವು. ನಮಗೆ ಆದದ್ದೂ ಅವರಿಗೆ ಆದದ್ದೂ ಮೂಲದಲ್ಲಿ ಒಂದೇ: ಮೂಲವೂ ಪ್ರತಿಯೂ ಒಂದೇ ಸೂರಿನಡಿ ಇದ್ದವು.

ಈ ವಿಷಯದಲ್ಲಿ ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರು ಪ್ರಚಾರಕ್ಕೆ ತಂದ ಒಂದು ಸುಲಭ ಲೆಕ್ಕವುಂಟು. ಯಾವುದೇ ಕಡತದ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದಾದರೂ ಬೇರೆ ಸ್ಥಳದಲ್ಲಿರಬೇಕು. ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವ 'ರೇಡ್' ಎಂಬ ಏರ್ಪಾಡನ್ನು ಕೆಲವರು ಪ್ರತಿಯೆಂದು ತಿಳಿಯುತ್ತಾರೆ. ಅದು ಪ್ರತಿಯಲ್ಲ. ಒಂದರಲ್ಲಿ ತಪ್ಪಿ ಅಳಿಸಿದ್ದು ಎರಡನೆಯದರಲ್ಲಿಯೂ ಅದೇ ಕ್ಷಣದಲ್ಲಿ ಅಳಿಸಿಹೋಗುತ್ತದೆ.

ಈಗ ನಮ್ಮ ಹೊರಗಿನ ಡಿಸ್ಕಿನಲ್ಲಿ ಗುರುತಿಗಾಗಿ ಒಂದು ಚಿಕ್ಕ ಕಡತವನ್ನು ಇಟ್ಟಿದ್ದೇವೆ. ರಾತ್ರಿಯ ಕೆಲಸ ಆರಂಭವಾಗುವ ಮುನ್ನ ಯಂತ್ರವು ಆ ಗುರುತನ್ನು ಹುಡುಕುತ್ತದೆ. ಕಾಣದಿದ್ದರೆ ಪ್ರತಿ ಮಾಡದೆ ನಮಗೆ ದೂರು ಕಳುಹಿಸುತ್ತದೆ. ಬರೆಯಲು ಎರಡು ಸಾಲು ಸಾಕಾದ ಈ ಎಚ್ಚರಿಕೆ ಮೊದಲೇ ಇದ್ದಿದ್ದರೆ ಈ ಲೇಖನವನ್ನು ಬರೆಯಬೇಕಾಗಿರಲಿಲ್ಲ. ಮೂರನೆಯ ಪ್ರತಿಯ ಡಿಸ್ಕು ದಾವಣಗೆರೆಯಲ್ಲಿ ತಂಗಿಯ ಮನೆಯ ಬೀರುವಿನಲ್ಲಿದೆ. ಅದನ್ನು ಪಾಸ್‌ವರ್ಡಿಲ್ಲದೆ ಯಾರೂ ಓದಲಾಗದಂತೆ ಗೂಢಲಿಪಿಯಲ್ಲಿ ಇರಿಸಿದ್ದೇವೆ. ದೀಪಾವಳಿಗೆ, ಯುಗಾದಿಗೆ ಹೋಗಿ ಬರುವಾಗ ಹಳೆಯದನ್ನು ತಂದು ಹೊಸದನ್ನು ಇಟ್ಟು ಬರುತ್ತೇವೆ. ಯಾರಿಗೂ ಫೋನಿನಿಂದ ಅಳಿಸಿರೆಂದು ನಾವು ಇಂದು ಹೇಳುವುದಿಲ್ಲ.

ಕಳ್ಳರ ಭಯವನ್ನೂ ಹೇಳಬೇಕು. ಮನೆಯ ಯಂತ್ರವನ್ನು ಅಂತರಜಾಲಕ್ಕೆ ನೇರವಾಗಿ ತೆರೆದಿಟ್ಟರೆ, ಪಾಸ್‌ವರ್ಡುಗಳನ್ನು ಊಹಿಸಿ ಬಾಗಿಲು ತಟ್ಟುವ ಅಪರಿಚಿತ ಯಂತ್ರಗಳು ಬಹುಬೇಗ ಬಂದು ಮುತ್ತುತ್ತವೆ. ಲಾಸ್ಟ್‌ಪಾಸ್ ಎಂಬುದು ಜನರ ಪಾಸ್‌ವರ್ಡುಗಳನ್ನು ಕಾಪಾಡುವುದನ್ನೇ ಉದ್ಯೋಗವಾಗಿ ಹೊಂದಿದ ಸಂಸ್ಥೆ. 2022ರಲ್ಲಿ ಅದಕ್ಕೇ ಕನ್ನ ಬಿದ್ದಿತು. ಅದರ ಹಿರಿಯ ಎಂಜಿನಿಯರೊಬ್ಬರು ತಮ್ಮ ಮನೆಯ ಗಣಕದಲ್ಲಿ ಚಲನಚಿತ್ರ ನೋಡಲು ಇಟ್ಟುಕೊಂಡಿದ್ದ ಪ್ಲೆಕ್ಸ್ ತಂತ್ರಾಂಶವನ್ನು ಪರಿಷ್ಕರಿಸದೆ ಬಿಟ್ಟಿದ್ದುದೇ ಕಳ್ಳರಿಗೆ ದಾರಿಯಾಗಿತ್ತು. ಆ ದೋಷಕ್ಕೆ 2020ರಲ್ಲಿಯೇ ತಿದ್ದುಪಡಿ ಹೊರಬಂದಿದ್ದಿತು. ಆದ್ದರಿಂದ ನಾವು ವಾರಕ್ಕೊಮ್ಮೆ ತಂತ್ರಾಂಶಗಳನ್ನು ಪರಿಷ್ಕರಿಸುತ್ತೇವೆ. ಹೊರಗಿನಿಂದ ಮನೆಯ ಯಂತ್ರವನ್ನು ತಲುಪಲು, 2020ರಲ್ಲಿ ಲಿನಕ್ಸಿನೊಳಗೆ ಸೇರ್ಪಡೆಯಾದ ವೈರ್‌ಗಾರ್ಡ್ ಎಂಬ ಗುಪ್ತಮಾರ್ಗವೊಂದನ್ನು ಬಿಟ್ಟು ಬೇರೆ ಬಾಗಿಲನ್ನು ತೆರೆದಿಲ್ಲ. ಮನೆಯಿಂದಲೇ ಸ್ವಂತ ಇಮೇಲ್ ನಡೆಸುವ ಆಸೆಯಂತೂ ಬೇಡವೇ ಬೇಡ. ಮನೆಯ ವಿಳಾಸಗಳಿಂದ ಹೊರಟ ಅಂಚೆಯನ್ನು ದೊಡ್ಡ ಸಂಸ್ಥೆಗಳು ಕಸವೆಂದು ತಿರಸ್ಕರಿಸುವುದೇ ಹೆಚ್ಚು.

ಇಷ್ಟಾದರೂ ಒಂದು ದೋಷ ಉಳಿದಿದ್ದಿತು. ಯಂತ್ರದ ಸಂಗತಿ ನಮ್ಮೊಬ್ಬರಿಗೇ ಗೊತ್ತಿತ್ತು. ಏಳೆಂಟು ಮನೆಗಳ ನೆನಪುಗಳನ್ನು ಹೊತ್ತ ಪೆಟ್ಟಿಗೆಯ ಬೀಗದ ಕೈ ಅರವತ್ತು ದಾಟಿದ ಒಬ್ಬರ ತಲೆಯೊಳಗಿದ್ದರೆ ಅದು ಭದ್ರವೆಂದು ಹೇಗೆ ಹೇಳುವುದು? ಆದ್ದರಿಂದ ಎರಡು ನೂರು ಪುಟದ ಒಂದು ನೋಟುಬುಕ್ಕಿನಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದೆವು. ಯಂತ್ರವನ್ನು ಆರಿಸುವ ಕ್ರಮ, ಹೊತ್ತಿಸುವ ಕ್ರಮ, ಡಿಸ್ಕಿನ ಪಾಸ್‌ವರ್ಡು, ಯಂತ್ರವೇ ಇಲ್ಲವಾದರೆ ಡಿಸ್ಕನ್ನು ಬೇರೆ ಗಣಕಕ್ಕೆ ಜೋಡಿಸಿ ಚಿತ್ರಗಳನ್ನು ತೆಗೆಯುವ ಬಗೆ, ಎಲ್ಲವೂ ಅದರಲ್ಲಿವೆ. ಅದು ಬೀರುವಿನಲ್ಲಿ, ಮನೆಯ ಖರೀದಿಪತ್ರದ ಕೆಳಗಿದೆ.

ಪ್ರತಿ ತಿಂಗಳ ಮೊದಲ ಭಾನುವಾರ ಪ್ರತಿಯ ಡಿಸ್ಕಿನಿಂದ ಯಾವುದಾದರೊಂದು ಚಿತ್ರವನ್ನು ತೆಗೆದು ತೆರೆದು ನೋಡುವುದು ಈಗ ನಮ್ಮ ಮನೆಯ ಪದ್ಧತಿ. ಕಳೆದ ತಿಂಗಳು ಆ ಕೆಲಸವನ್ನು ನಮ್ಮ ಮನೆಯವರಿಗೆ ವಹಿಸಿ, ಏನೂ ಹೇಳಿಕೊಡಬಾರದೆಂಬ ಕರಾರಿನೊಡನೆ ನಾವು ಹೊರಗೆ ಕಟ್ಟೆಯ ಮೇಲೆ ಕುಳಿತೆವು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಒಳಗಿನಿಂದ ಅವ್ವನ ಜೋಗುಳ ಕೇಳಿಸಿತು. ಒಳಗೆ ಹೋಗಿ ನೋಡಿದರೆ ನೋಟುಬುಕ್ಕಿನ ಮೂರನೆಯ ಪುಟದಲ್ಲಿ ನಾವು ಬರೆದಿದ್ದ ಒಂದು ಹೆಜ್ಜೆಯನ್ನು ತಪ್ಪೆಂದು ಹೊಡೆದುಹಾಕಿ, ಪಕ್ಕದಲ್ಲಿ ತಮ್ಮ ಅಕ್ಷರದಲ್ಲಿ ಸರಿಯಾದುದನ್ನು ಬರೆದಿದ್ದರು.