ಸರಕಾರಿ ನಿಗಮಗಳ ಒಡೆತನ ಮತ್ತು ಆಡಳಿತ: ಸ್ವಾರಗೇಟದ ಎರಡು ನಿದರ್ಶನಗಳು

ಸರಕಾರವು ಉದ್ಯಮಕ್ಕಿಳಿದಾಗ ಒಡೆಯನ ಅಧಿಕಾರವೆಷ್ಟು, ನಿರ್ವಾಹಕನ ಸ್ವಾತಂತ್ರ್ಯವೆಷ್ಟು ಎಂಬ ಪ್ರಶ್ನೆ ಎಲ್ಲ ದೇಶಗಳಲ್ಲಿಯೂ ಹುಟ್ಟಿದೆ. ಅದರ ವಿಚಾರಕ್ಕೆ ಪುಣೆಯ ಕನ್ನಡಿಗರು ದೂರ ಹೋಗಬೇಕಾದುದಿಲ್ಲ. ಸ್ವಾರಗೇಟದಲ್ಲಿ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ನಿಲ್ದಾಣವೂ ನಗರದ ಬಸ್ಸುಗಳನ್ನು ನಡೆಸುವ ಸಂಸ್ಥೆಯ ಪ್ರಧಾನ ಕಚೇರಿಯೂ ಇವೆ. ಮರಾಠಿಯಲ್ಲಿ ಎರಡಕ್ಕೂ ‘ಮಹಾಮಂಡಳ’ವೆಂದೇ ಹೆಸರು, ಕಾಯಿದೆಯ ದೃಷ್ಟಿಯಲ್ಲಿ ಮಾತ್ರ ಅವು ಭಿನ್ನ.

ಮೊದಲನೆಯದು ಶಾಸನಜನ್ಯ ನಿಗಮ. 1948ರ ಜೂನ್ 1ರಂದು ಪುಣೆಯಿಂದ ಅಂದಿನ ಅಹಮದನಗರಕ್ಕೆ ಹೊರಟ ಬಸ್ಸಿನಿಂದ ಅದರ ಚರಿತ್ರೆ ಆರಂಭವಾಗುತ್ತದೆ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯೇ ಅದಕ್ಕೆ ಆಧಾರ; 1961ರಲ್ಲಿ ಮೈಸೂರು ರಾಜ್ಯದ ನಿಗಮವೂ ಇದೇ ಕಾಯಿದೆಯಂತೆ ಸ್ಥಾಪಿತವಾಯಿತು. ಕಾಯಿದೆಯ 22ನೆಯ ಕಲಮು ವ್ಯಾಪಾರ ತತ್ತ್ವಗಳಂತೆ ನಡೆಯಬೇಕೆನ್ನುತ್ತದೆ. 34ನೆಯ ಕಲಮು ನಿಗಮದೊಡನೆ ಸಮಾಲೋಚಿಸಿ ಸಾಮಾನ್ಯ ನಿರ್ದೇಶನಗಳನ್ನು ಕೊಡುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ನೀಡುತ್ತದೆ. ಹೀಗೆ ಒಂದೇ ನಿಗಮವು ವರ್ತಕನೂ ಆಗಬೇಕು, ಸೇವಕನೂ ಆಗಬೇಕು.

ಎರಡನೆಯದು ಕಂಪನಿ. ಪುಣೆ ಮತ್ತು ಪಿಂಪರಿ-ಚಿಂಚವಡಗಳ ನಗರ ಸಾರಿಗೆಗಳನ್ನು ಕೂಡಿಸಿ 2007ರಲ್ಲಿ ಅದು ರಚಿತವಾಯಿತು. ಎರಡು ಮಹಾನಗರಪಾಲಿಕೆಗಳ ಪಾಲು 60 ಮತ್ತು 40. ನಷ್ಟವನ್ನು ತುಂಬಿಕೊಡುವ ಹೊಣೆಯೂ ಅದೇ ಪ್ರಮಾಣದಲ್ಲಿದೆ. ಬಸ್ಸು ಇಲ್ಲಿಯೂ ನಷ್ಟದಲ್ಲಿಯೇ ಓಡುತ್ತದೆ. ಆದರೆ ನಷ್ಟಕ್ಕೆ ಒಡೆಯರು ಯಾರೆಂಬುದು ಸ್ಪಷ್ಟ.

ಪರದೇಶಗಳ ಅನುಭವವೂ ಬೋಧಪ್ರದವಾಗಿದೆ. ಬ್ರಿಟನ್ನಿನಲ್ಲಿ ಹರ್ಬರ್ಟ್ ಮಾರಿಸನ್ನರ ಯೋಜನೆಯಿಂದ 1933ರಲ್ಲಿ ಲಂಡನ್ನಿನ ಸಾರಿಗೆ ಮಂಡಳಿ ರೂಪುಗೊಂಡಿತು. ದೈನಂದಿನ ಆಡಳಿತ ಮಂಡಳಿಯದು, ನೀತಿ ಮಂತ್ರಿಯದು ಎಂಬುದು ಮುಂದಿನ ರಾಷ್ಟ್ರೀಕರಣಗಳ ತತ್ತ್ವವಾಯಿತು. ವ್ಯವಹಾರದಲ್ಲಿ ಲಿಖಿತ ಆಜ್ಞೆಗಿಂತ ಖಾಸಗಿ ಒತ್ತಾಯವೇ ಬೆಳೆಯಿತು. ಸಿಂಗಪುರವು 1974ರಲ್ಲಿ ಟೆಮಾಸೆಕ್ ಕಂಪನಿಯನ್ನು ಸ್ಥಾಪಿಸಿ, ಸರಕಾರದ ಷೇರುಗಳನ್ನು ಅದರ ವಶಕ್ಕೊಪ್ಪಿಸಿತು. ಯುರೋಪಿನ ಒಕ್ಕೂಟದ 2007ರ ನಿಯಮವು, ಲಾಭವಿಲ್ಲದ ಸೇವೆಯನ್ನು ಹೊರಿಸುವ ಸರಕಾರವು ಅದರ ಪರಿಹಾರವನ್ನು ಕರಾರಿನಲ್ಲಿ ಮೊದಲೇ ನಿಗದಿಗೊಳಿಸಬೇಕೆಂದು ವಿಧಿಸುತ್ತದೆ.

ನಮ್ಮಲ್ಲಿ ಈ ಕೊನೆಯ ಅಂಶವೇ ದುರ್ಬಲ. 2023ರ ಮಾರ್ಚಿಯಲ್ಲಿ ಮಹಾರಾಷ್ಟ್ರವು ಮಹಿಳೆಯರಿಗೆ ಅರ್ಧ ದರವನ್ನೂ ಜೂನ್‌ನಲ್ಲಿ ಕರ್ನಾಟಕವು ಉಚಿತ ಪ್ರಯಾಣವನ್ನೂ ಜಾರಿಗೆ ತಂದವು. ಉದ್ದೇಶ ಸ್ತುತ್ಯವೇ. ಆದರೆ ಘೋಷಣೆ ಮಂತ್ರಾಲಯದ್ದು. ಡೀಸೆಲ್ಲಿಗೂ ಸಂಬಳಕ್ಕೂ ಹಣ ಹೊಂದಿಸುವ ಪಾಡು ನಿಗಮದ್ದು. 2021ರ ಕೊನೆಯಿಂದ ತಿಂಗಳುಗಟ್ಟಲೆ ಮುಷ್ಕರ ಹೂಡಿದ ಮಹಾರಾಷ್ಟ್ರದ ಸಾರಿಗೆ ನೌಕರರು ನಿಗಮವನ್ನು ಸರಕಾರದಲ್ಲಿ ವಿಲೀನಗೊಳಿಸಬೇಕೆಂದು ಕೇಳಿದುದರ ಅರ್ಥವೇನು? ತಮ್ಮ ನಿಜವಾದ ಒಡೆಯರು ಯಾರೆಂಬುದನ್ನೇ ಅವರು ಕೇಳಿದರು.

ನಿಗಮವೋ ಕಂಪನಿಯೋ ಎಂಬ ಚರ್ಚೆ ಗೌಣ. ರಿಯಾಯಿತಿಯ ಆಜ್ಞೆ, ಅದರ ವೆಚ್ಚ, ಸರಕಾರವು ಅದನ್ನು ಸಂದಾಯ ಮಾಡುವ ದಿನ—ಈ ಮೂರೂ ಒಂದೇ ಹಾಳೆಯಲ್ಲಿರಬೇಕು. ಆಗ ದಾನದ ಕೀರ್ತಿ ಯಾರದೋ ಸಾಲದ ಭಾರವೂ ಅವರದೇ ಆಗುವುದು.